ಅಪರಿಚಿತರ ಆಫರ್‌ಗೆ ಎರಡನೇ ಸಾಕ್ಷಿ

ಜಿಲ್ಲೆಯಲ್ಲಿ ಸ್ಟ್ರಿಂಗರ್‌ಗಳಾಗಿರುವ ನಮಗೆ ಸುದ್ದಿ ಹೇಳುವ ಫೋನುಗಳ ನಡುವೆ ಈಗ ಇನ್ನೊಂದು ಬಗೆಯ ಫೋನೂ ಬರುತ್ತದೆ: ‘ಸರ್, ಈ ಮೆಸೇಜ್ ನಿಜಾನಾ?’ ಪೇಪರ್‌ನವರಿಗೆ ಎಲ್ಲ ಗೊತ್ತಿರುತ್ತದೆ ಎಂಬುದು ಊರಿನವರ ನಂಬಿಕೆ.

ಕಳೆದ ವರ್ಷ ನಮ್ಮ ಬಳಿ ಬಂದ ಒಬ್ಬ ತಂದೆ, ಮಗನ ಕೆಲಸಕ್ಕೆಂದು ಮನೆಯ ಒಡವೆ ಅಡವಿಡಲು ಹೊರಟಿದ್ದರು. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ, ಲಕ್ಷದ ಸಂಬಳ, ಊಟ ವಸತಿ ಉಚಿತ. ಹುಡುಗ ಅರ್ಜಿಯನ್ನೇ ಹಾಕಿರಲಿಲ್ಲ. ಏಜೆಂಟ್ ಕೇಳಿದ್ದು ಒಂದೂವರೆ ಲಕ್ಷ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಖಾಲಿ ಕೂತ ಮಗನಿರುವ ಮನೆಗೆ ‘ಬೇಡ’ ಎಂದಷ್ಟೇ ಹೇಳಿದರೆ ಸಾಲದು.

ಸುದ್ದಿಯನ್ನು ಪರಿಶೀಲಿಸುವ ಹಾಗೆಯೇ ಇದನ್ನೂ ನೋಡಿದೆವು. ಏಜೆಂಟ್ ಕೊಟ್ಟ ನಂಬರಿಗೆ ಫೋನ್ ಮಾಡಿದರೆ ‘ಹೌದು’ ಎಂದೇ ಉತ್ತರ ಬರುತ್ತದೆ. ಅದು ಎರಡನೇ ಸಾಕ್ಷಿಯಲ್ಲ. ಸಾಕ್ಷಿಯನ್ನು ನಾವೇ ಹುಡುಕಬೇಕು.

1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು ನೋಂದಣಿ ಮಾಡಿಸಿರಲೇಬೇಕು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಪಟ್ಟಿ ಇದೆ. ಈ ಏಜೆಂಟನ ಹೆಸರು ಅಲ್ಲಿರಲಿಲ್ಲ. ನೋಂದಾಯಿತ ಏಜೆಂಟರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ.

ಕೊನೆಗೆ ವೀಸಾ ಯಾವುದು ಎಂದು ಹುಡುಗನಿಂದಲೇ ಕೇಳಿಸಿದೆವು. ‘ಟೂರಿಸ್ಟ್ ಆಗಿ ಹೋಗಿ, ಅಲ್ಲಿ ಬದಲಿಸಿಕೊಡ್ತೀವಿ’ ಎಂಬ ಉತ್ತರ ಬಂತು. ಪ್ರವಾಸಿಯಾಗಿ ಹೋದವರಿಗೆ ಅಲ್ಲಿ ಕೆಲಸ ಮಾಡುವ ಹಕ್ಕಿಲ್ಲ. ಐಟಿ ಹುಡುಗರನ್ನು ಹೀಗೆ ಕರೆಸಿ ಮ್ಯಾನ್ಮಾರ್‌ಗೆ ಸಾಗಿಸುವ ಜಾಲದ ಬಗ್ಗೆ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. ಥಾಯ್ಲೆಂಡಿನ ಮೇ ಸಾಟ್ ಪಟ್ಟಣದ ಪಕ್ಕದ ನದಿ ದಾಟಿದರೆ ಮ್ಯಾನ್ಮಾರ್‌ನ ಮ್ಯಾವಡ್ಡಿ. ಅಲ್ಲಿನ ಕಾಂಪೌಂಡುಗಳಲ್ಲಿ ಪಾಸ್‌ಪೋರ್ಟ್ ಕಸಿದುಕೊಂಡು ಸೈಬರ್ ವಂಚನೆ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಅಲ್ಲಿ ಸಿಲುಕಿದ್ದ 549 ಭಾರತೀಯರನ್ನು ಮೇ ಸಾಟ್‌ನಿಂದ ಕರೆತಂದವು.

ಒಡವೆ ಮನೆಯಲ್ಲೇ ಉಳಿಯಿತು. ಹುಡುಗ ಮಾತ್ರ ನಮ್ಮ ಮೇಲೆ ಮುನಿಸಿಕೊಂಡ. ಅವನ ಕೈಯಲ್ಲಿದ್ದದ್ದು ಅದೊಂದೇ ಆಫರ್. ಆ ಸಿಟ್ಟು ನಮಗೆ ಅರ್ಥವಾಗುತ್ತದೆ. ಜಿಲ್ಲೆಯಲ್ಲಿ ಕೆಲಸವಿಲ್ಲದಿರುವುದೇ ಏಜೆಂಟರ ಬಂಡವಾಳ. ಅದನ್ನು ಬಿಟ್ಟು ಬರೀ ‘ಮೋಸ ಹೋಗಬೇಡಿ’ ಎಂದು ಬರೆದರೆ ಅರ್ಧ ಸುದ್ದಿ ಬರೆದ ಹಾಗೆ.

ಗೆಳೆಯರೇ, ನಿಮ್ಮೂರಿನಲ್ಲೂ ಯಾರಾದರೂ ಇಂಥ ಮೆಸೇಜ್ ತಂದರೆ ನಗಬೇಡಿ. ಜೊತೆಗೆ ಕೂತು ಪಟ್ಟಿ ನೋಡಿ, ವೀಸಾ ಕೇಳಿಸಿ. ಈಗಾಗಲೇ ಆನ್‌ಲೈನಿನಲ್ಲಿ ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿಸಿ.