ಹಾಲು ಸಾಲ್ತಾ ಇದ್ಯಾ?

ಪ್ರೀತಿಯ ಗೆಳತಿ,

ನಿಮ್ಮ ಕಾಗದ ಓದಿದೆ. ಬಾಣಂತಿಯನ್ನು ನೋಡಲು ಬಂದವರೆಲ್ಲ "ಹಾಲು ಸಾಲ್ತಾ ಇದ್ಯಾ?" ಎಂದು ಕೇಳಿ ಕೇಳಿ ನಿಮಗೇ ಅನುಮಾನ ಹುಟ್ಟಿದೆ ಎಂದು ಬರೆದಿದ್ದೀರಿ. ಮಗು ಅತ್ತರೆ ಹಾಲಿಲ್ಲ ಅನ್ನುತ್ತಾರೆ, ಡಬ್ಬಿಹಾಲು ಕಲಸಿದರೆ ಇವಳೆಂಥ ತಾಯಿ ಅನ್ನುತ್ತಾರೆ. ಎರಡೂ ಮಾತು ಎಷ್ಟೋ ಸಲ ಒಂದೇ ಬಾಯಿಂದ ಬರುತ್ತವೆ.

ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಸಾಲದು ಎಂಬ ಭಯಕ್ಕೆ ನಡುನಡುವೆ ಬಾಟಲಿ ಕೊಟ್ಟರೆ ಮಗು ಚೀಪುವುದು ಕಡಿಮೆಯಾಗಿ ಹಾಲೂ ಇಳಿಯುತ್ತದೆ. ಕೊನೆಗೆ ಆಡಿದವರ ಮಾತೇ ನಿಜವಾಗುತ್ತದೆ. ಹಾಲು ಇಳಿದುಬರುವಂತೆ ಮಾಡುವ ಆಕ್ಸಿಟೋಸಿನ್ ಹಾರ್ಮೋನಿಗೆ ನೋವು, ಆತಂಕ ಅಡ್ಡಬರಬಲ್ಲವು. ಆದ್ದರಿಂದ ಬಾಣಂತಿಯ ಕೋಣೆಯಲ್ಲಿ ಆಡುವ ಚುಚ್ಚುಮಾತನ್ನು ನಾನು ಸಣ್ಣ ಸಂಗತಿ ಎಂದುಕೊಳ್ಳುವುದಿಲ್ಲ. ನೀರು ಕುಡಿದರೆ ಮಗುವಿಗೆ ಶೀತ ಎಂದು ಚೊಂಬು ದೂರವಿಡುವ ಪಥ್ಯವೂ ಅಷ್ಟೇ ತಪ್ಪು. ಬಾಯಾರಿದಾಗಲೆಲ್ಲ ಕುಡಿಯಿರಿ.

ಅಳು ಎಂದರೆ ಹಸಿವೇ ಆಗಬೇಕಿಲ್ಲ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ 6 ಸಲವಾದರೂ ಚೆನ್ನಾಗಿ ಉಚ್ಚೆ ಹೊಯ್ಯುತ್ತಿದ್ದು ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಹುಟ್ಟಿದ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಸಹಜ, ಸಾಮಾನ್ಯವಾಗಿ 2 ವಾರದೊಳಗೆ ಮರಳುತ್ತದೆ. ತೂಕ ಇಳಿಯಿತೆಂದು ಸಕ್ಕರೆ ನೀರು ಕುಡಿಸಬೇಡಿ. ಜೇನನ್ನಂತೂ 1 ವರ್ಷ ತುಂಬುವವರೆಗೆ ನೆಕ್ಕಿಸಲೇಬೇಡಿ; ಬೊಟುಲಿಸಮ್ ಎಂಬ ಪ್ರಾಣಕ್ಕೇ ಕುತ್ತಾಗುವ ಕಾಯಿಲೆ ಬರಬಹುದು.

ಇಷ್ಟೆಲ್ಲ ಮಾಡಿಯೂ ತೂಕ ಏರದ ಮಕ್ಕಳಿದ್ದಾರೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದವರಿಗೆ, ಥೈರಾಯ್ಡ್ ತೊಂದರೆ ಇರುವವರಿಗೆ ಹಾಲು ನಿಜಕ್ಕೂ ಕಡಿಮೆಯಾಗಬಹುದು. ಆಗ ವೈದ್ಯರು ಡಬ್ಬಿಹಾಲು ಬರೆದುಕೊಟ್ಟರೆ ಕೊಡಿ, ತಲೆ ತಗ್ಗಿಸಬೇಡಿ. ಪುಡಿ ಉಳಿಸಲೆಂದು ತೆಳ್ಳಗೆ ಮಾತ್ರ ಕಲಸಬೇಡಿ. ಡಬ್ಬಿಯ ಮೇಲಿನ ಅಳತೆಯನ್ನೇ ಹಿಡಿಯಿರಿ, ಕುದಿಸಿದ ನೀರನ್ನೇ ಬಳಸಿ.

ನಮ್ಮ ದೇಶದಲ್ಲಿ ಶಿಶು ಆಹಾರದ ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ಜಾಹೀರಾತೂ ಕೊಡುವಂತಿಲ್ಲ. 1992ರ ಕಾಯ್ದೆ ಅದು. ಕಂಪನಿಗಳು ತಾಯಂದಿರನ್ನು ಮರುಳು ಮಾಡಬಾರದೆಂದು ಬಂದ ಕಾನೂನೇ ಹೊರತು, ಡಬ್ಬಿ ಕೊಂಡ ತಾಯಿಯನ್ನು ಜರಿಯಲು ಬಂದದ್ದಲ್ಲ.

ಹಾಲೂಡಿಸಲು ಬಿಡುವೂ ಬೇಕು. ನಿಮಗೆ 26 ವಾರಗಳ ಹೆರಿಗೆ ರಜೆ ಇದೆ. ಹೊಲದ ಕೂಲಿಗೆ, ಮನೆಗೆಲಸಕ್ಕೆ ಹೋಗುವವಳಿಗೆ ಆ ರಜೆ ಇಲ್ಲ. ಎರಡು ತಿಂಗಳಿಗೇ ಕೆಲಸಕ್ಕೆ ಇಳಿಯಬೇಕಾದವಳಿಗೆ 6 ತಿಂಗಳು ಎದೆಹಾಲೊಂದನ್ನೇ ಕೊಡು ಎನ್ನುವವರು ಅವಳ ಕೂಲಿಯ ದಾರಿಯನ್ನೂ ತೋರಿಸಬೇಕು. ಅದನ್ನು ಬಿಟ್ಟು ಉಪದೇಶ ಮಾಡುವುದು ಅನ್ಯಾಯ.

ನಾಳೆಯೇ ತಾಯಿ ಕಾರ್ಡ್ ತೆಗೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ ಮಗುವಿನ ತೂಕ ಮಾಡಿಸಿ. ನಿಮ್ಮ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ, ಕಾರ್ಡಿನ ತೂಕದ ಗೆರೆ ಏರಿದ್ದರೆ ಅವರೂ ನೋಡಲಿ. ಏರದಿದ್ದರೆ ಅಲ್ಲಿಂದಲೇ ವೈದ್ಯರ ಬಳಿ ಹೋಗಿ. ಎರಡರಲ್ಲಿ ಯಾವುದಾದರೂ ನನಗೆ ಬರೆಯಿರಿ.

ನಿಮ್ಮ ಗೆಳತಿ