ಹಸಿರಿನ ಅಂಕ

ಬೇಲೂರು ಎಂದೊಡನೆ ಮನಸ್ಸು ಹಾಸನ ಜಿಲ್ಲೆಯ ಶಿಲಾಬಾಲಿಕೆಯರತ್ತ ಓಡುವುದು ಸಹಜ. ಧಾರವಾಡದಿಂದ ಬೆಳಗಾವಿಯ ಹೆದ್ದಾರಿ ಹಿಡಿದವರಿಗೆ ಸಿಗುವ ಬೇಲೂರು ಬೇರೆ. ಇದು ಕೈಗಾರಿಕಾ ಪ್ರದೇಶ. ತಗಡಿನ ಮಾಡುಗಳ ಊರು. ಇಂಥ ಕಡೆ ಕಟ್ಟಡವೇಳದ ನಿವೇಶನಗಳು ಮಳೆಗಾಲದಲ್ಲಿ ತಾವಾಗಿಯೇ ಹಸಿರುಡುತ್ತವೆ.

ಆ ಹಸಿರನ್ನು ಅಳೆಯುವ ಕಣ್ಣು ಆಕಾಶದಲ್ಲಿದೆ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ 1972ರಲ್ಲಿ ಮೇಲೇರಿತು. ಉಡುಪಿ ಸೀಮೆಯ ಯು. ಆರ್. ರಾವ್ ಅವರು ಇಸ್ರೋದ ಅಧ್ಯಕ್ಷರಾಗಿದ್ದ ಕಾಲದಲ್ಲಿ, 1988ರಲ್ಲಿ, ಭಾರತದ ಐ.ಆರ್.ಎಸ್.-1ಎ ಹಾರಿತು. ಲೆಕ್ಕವೇನೋ ಸರಳ. ಎಲೆಯು ಕೆಂಪು ಬೆಳಕನ್ನು ನುಂಗಿ, ಮನುಷ್ಯನ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಿರುಗಿಸುತ್ತದೆ. ಹಿಂದಿರುಗಿದ ಅವಕೆಂಪಿನಲ್ಲಿ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಸಸ್ಯ ಸೂಚ್ಯಂಕ. ಬಿದ್ದ ಬೆಳಕಿನಲ್ಲಿ ಅವಕೆಂಪು ನೂರಕ್ಕೆ 50, ಕೆಂಪು ನೂರಕ್ಕೆ 10 ಮರಳಿದರೆ ಆ ನೆಲಕ್ಕೆ 0.67 ಅಂಕ. ತಗಡಿನ ಮಾಡಿಗೆ ಸೊನ್ನೆಯ ಆಸುಪಾಸು.

ಆದರೆ ಯಾವ ಹಸಿರಿಗೆ ಈ ಅಂಕ? ಜನರು ಕಾಂಗ್ರೆಸ್ ಕಸವೆನ್ನುವ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು, ಮುಂದೆ ದೇಶವನ್ನೆಲ್ಲ ವ್ಯಾಪಿಸಿತು. ಬೀಳುಬಿದ್ದ ನೆಲವೆಂದರೆ ಅದಕ್ಕೆ ಮಾವನ ಮನೆ. ದನಗಳು ಅದನ್ನು ಮೂಸಿ ಮುಂದೆ ಹೋಗುತ್ತವೆ. ಮೇವಿನೊಡನೆ ಬೆರೆತು ಹೊಟ್ಟೆ ಸೇರಿದರೆ ಹಾಲು ಕಹಿಯಾಗುತ್ತದೆ. ಕಿತ್ತವರಲ್ಲಿ ಹಲವರ ಮೈಯೆಲ್ಲ ತುರಿಕೆ. ಸೂಚ್ಯಂಕಕ್ಕೆ ಇದಾವುದರ ಪರಿವೆಯೂ ಇಲ್ಲ. ಮೇವಿನ ಹುಲ್ಲು ಅಳಿದು ಕಸ ತುಂಬಿದರೂ ನೆಲದ ಅಂಕ ಚೆನ್ನಾಗಿಯೇ ಇರಬಹುದು. ಕುರಿ ಕಾಯುವವನ ನಷ್ಟ ಕಡತಕ್ಕೇರುವುದಿಲ್ಲ. ಇನ್ನೂ ಒಂದು ವಿಚಿತ್ರ. ಈ ಕಳೆಯನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ಜೀರುಂಡೆಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಎಲೆಗಳನ್ನು ಮೇಯ್ದು ಬರಿದು ಮಾಡಿದೆಡೆ ಉಪಗ್ರಹ ಹೇಳುವುದು: ಹಸಿರು ಕುಂದಿದೆ!

ಬೇಸಗೆಯಲ್ಲಿ ತಪ್ಪು ತಿರುವುಮುರುವು. ಒಣಗಿದ ಹುಲ್ಲು ಮಣ್ಣನ್ನು ಹಿಡಿದಿರುತ್ತದೆ, ದನಕ್ಕೂ ಒದಗುತ್ತದೆ. ಸೂಚ್ಯಂಕಕ್ಕೆ ಮಾತ್ರ ಅದು ಬರಿ ನೆಲಕ್ಕಿಂತ ಹೆಚ್ಚೇನಲ್ಲ.

ಆದ್ದರಿಂದ ಬಲ್ಲವರು ಕಾಲ್ನಡಿಗೆಯನ್ನು ಬಿಟ್ಟಿಲ್ಲ. ಒಂದು ನೇರದಲ್ಲಿ ನೂರು ಹೆಜ್ಜೆ. ಪ್ರತಿ ಹೆಜ್ಜೆಗೂ ಪಾದರಕ್ಷೆಯ ತುದಿ ತಾಗಿದ್ದೇನೆಂಬ ಗುರುತು. ಮೇವಿನ ಹುಲ್ಲಿಗೆ ಒಂದು ಸಾಲು, ಕಳೆಗೊಂದು, ಒಣ ತರಗಿಗೊಂದು, ಬರಿ ಮಣ್ಣಿಗೊಂದು. ನೂರರಲ್ಲಿ ಮೂವತ್ತು ಹೆಜ್ಜೆ ಬರಿ ಮಣ್ಣಿಗೆ ತಾಗಿದರೆ ನೂರಕ್ಕೆ ಮೂವತ್ತರಷ್ಟು ನೆಲ ಬತ್ತಲೆ. ಇಂಥ ಹಲವು ನೇರಗಳನ್ನು ನಡೆದ ಮೇಲೆಯೇ ಆಕಾಶದ ಅಂಕವನ್ನು ಎದುರಿಗಿಟ್ಟುಕೊಂಡು ಕೂಡುವುದು. ಮಧ್ಯಾಹ್ನದ ಬಿಸಿಲು, ಬೂಟಿಗಂಟಿದ ಎರೆಮಣ್ಣು, ಅಂಗಿಯ ತೋಳಿಗೆಲ್ಲ ಪಾರ್ಥೇನಿಯಂನ ಬಿಳಿ ಹೂವಿನ ಹುಡಿ.