ಲಾಂಗ್ ಬೆಲ್

ನಮ್ಮ ಶಾಲೆಯಲ್ಲಿ ಸಂಜೆ ನಾಲ್ಕೂವರೆಗೆ ಲಾಂಗ್ ಬೆಲ್ ಹೊಡೆಯುತ್ತದೆ. ಎಷ್ಟೇ ದಣಿದಿದ್ದರೂ ಆ ಸದ್ದಿಗೆ ಜೀವ ಹಗುರಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ನನ್ನ ಮಗಳಿಗೆ ಆ ಬೆಲ್ಲೇ ಇಲ್ಲ.

ಹೋದ ದೀಪಾವಳಿಗೆ, ನೀರು ತುಂಬುವ ಹಬ್ಬದ ಸಂಜೆ ಬಂದವಳು ಊಟವನ್ನೂ ಮಾಡದೆ ಮಲಗಿಬಿಟ್ಟಳು. ಹಿಂದಿನ ದಿನದಿಂದ ಸತತ 36 ಗಂಟೆ ಡ್ಯೂಟಿಯಂತೆ. "ಮೊನ್ನೆ ಒಂದು ಮಗು ಹೋಯಿತಮ್ಮ. ತಾಯಿ ಗೋಳಾಡುತ್ತಿದ್ದಳು, ನಾನು ಗಡಿಯಾರ ನೋಡುತ್ತಿದ್ದೆ" ಎಂದಳು. "ಡಾಕ್ಟರೆಂದರೆ ದೇವರ ಸಮಾನ, ಹಾಗೆಲ್ಲ ಬೇಸರಪಡಬಾರದು" ಎಂದುಬಿಟ್ಟೆ. ಅವಳು ಗೋಡೆಯ ಕಡೆ ಹೊರಳಿದಳು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೊಬೈಲಿನಲ್ಲಿ ಹುಡುಕಿ ಓದಿದೆ. ಇದಕ್ಕೆ 'ಬರ್ನ್‌ಔಟ್' ಎನ್ನುತ್ತಾರೆ. ಇದು ರೋಗವಲ್ಲ, ಕೆಲಸದ ನಿರಂತರ ಒತ್ತಡದಿಂದ ಬರುವ ಸ್ಥಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟಪಡಿಸಿದೆ. ಲಕ್ಷಣಗಳು ಮೂರು: ತೀರದ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಲಾಗದೆಂಬ ಭಾವ. ಮಗಳ ಮನಸ್ಸು ಕಲ್ಲಾಗಿರಲಿಲ್ಲ. ಎಣ್ಣೆ ತೀರಿತ್ತು, ಅಷ್ಟೆ. ನಾನು ಎಣ್ಣೆ ಹಾಕುವುದು ಬಿಟ್ಟು ಉಪದೇಶ ಮಾಡಿದ್ದೆ.

ಬೆಳಗ್ಗೆ ಅಭ್ಯಂಜನಕ್ಕೆ ಕೂರಿಸಿ ನೆತ್ತಿಗೆ ಎಣ್ಣೆ ಒತ್ತುತ್ತಾ, "ನಾನು ಹಾಗೆ ಹೇಳಬಾರದಿತ್ತು ಮಗಾ" ಎಂದೆ. ಆಗ ಅತ್ತಳು. ಬಹಳ ಹೊತ್ತು ಅತ್ತಳು.

ಹಬ್ಬ ಮುಗಿಸಿ ಹೋದವಳು ಮೇಲಿನವರನ್ನು ಕಂಡು ವಾರಕ್ಕೊಂದು ಪೂರ್ತಿ ರಜೆ ಕೇಳಿ ಪಡೆದಳು. ಮನೋವೈದ್ಯರೊಬ್ಬರ ಬಳಿಯೂ ಹೋಗುತ್ತಿದ್ದಾಳೆ. ದಣಿವು ಪೂರ್ತಿ ಹೋಗಿಲ್ಲ. ಆದರೆ ರಜೆಯ ಹಿಂದಿನ ರಾತ್ರಿ ಫೋನು ಮಾಡಿ, "ಅಮ್ಮಾ, ಲಾಂಗ್ ಬೆಲ್!" ಎನ್ನುತ್ತಾಳೆ.

ನಿಮ್ಮ ಮನೆಯಲ್ಲೂ ಡಾಕ್ಟರಿದ್ದರೆ, ಊಟವಾಯಿತೇ ಎಂದು ಕೇಳುವಾಗ ನಿದ್ದೆಯಾಯಿತೇ ಎಂದೂ ಕೇಳಿ. ಉತ್ತರ ಬರುವತನಕ ಪಕ್ಕದಲ್ಲೇ ಕುಳಿತಿರಿ.